ಎಲುಬು ಕೂಡುವ ದಿನಗಳಲ್ಲಿ ಊಟ ಬಿಡಬೇಡ

ಡೊಂಬಿವಲಿ (ಪೂರ್ವ)
ಮಂಗಳವಾರ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡವ್ವನ ಅನೇಕ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನೆ ನಿನ್ನೊಡನೆ ಫೋನಿನಲ್ಲಿ ಮಾತಾಡಿದ ಮೇಲೆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕಾಲ್ಗಿಣ್ಣಿನ ಎಲುಬಿಗೆ ಪ್ಲೇಟು, ಸ್ಕ್ರೂ ಕೂಡಿಸಿ ಇನ್ನೂ ಮೂರು ವಾರ ಆಗಿಲ್ಲ. ಅಷ್ಟರಲ್ಲಿ ಮೂರು ಕಿಲೋ ಏರಿದ್ದೇನೆಂದು ಹೆದರಿ ರಾತ್ರಿಯ ಊಟವನ್ನೇ ಬಿಟ್ಟಿದ್ದೀಯಂತೆ. ಫೋನಿನಲ್ಲಿ ಹೇಳಹೋದರೆ ನಮ್ಮಿಬ್ಬರ ನಡುವೆ ವಾದವಾಗುತ್ತದೆ ಎಂದು ಬರೆಯುತ್ತಿದ್ದೇನೆ. ಸಾವಕಾಶವಾಗಿ ಓದು, ನಿನ್ನ ಅತ್ತೆಯವರಿಗೂ ಓದಿ ಹೇಳು.

ಮೊದಲು ಆ ಮೂರು ಕಿಲೋದ ಮಾತು. ವಾಕರ್ ಹಿಡಿದುಕೊಂಡು ಒಂಟಿಕಾಲಿನಲ್ಲಿ ತೂಕದ ಮಶೀನಿನ ಮೇಲೆ ನಿಂತೆ ಎಂದೆಯಲ್ಲ, ಅದನ್ನು ಕೇಳಿಯೇ ನನ್ನ ಎದೆ ಝಲ್ಲೆಂದಿತು. ಜಾರಿದ್ದರೆ ಗತಿಯೇನು? ಕೈಭಾರ ವಾಕರಿನ ಮೇಲಿರುವಾಗ ಮಶೀನು ಸರಿಯಾದ ಲೆಕ್ಕ ತೋರಿಸುವುದೂ ಇಲ್ಲ. ಅದರ ಮೇಲೆ ಕಾಲಿನ ಪ್ಲಾಸ್ಟರಿನ ಭಾರ ಬೇರೆ. ಆಪರೇಶನ್ ಆದವರ ಮೈಯಲ್ಲಿ ಸಲೈನಿನಿಂದಲೂ ಬಾವಿನಿಂದಲೂ ಕೆಲವು ದಿನ ನೀರು ನಿಲ್ಲುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಇವನ್ನೆಲ್ಲ ಕಳೆದರೆ ಕೊಬ್ಬಾಗಿ ಏರಿದ್ದು ಎಷ್ಟು ಉಳಿದೀತು? ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಮೈಗೆ ಬೇಕಾದುದಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಾಗಿ ತಿಂದಿರಬೇಕು. ನೋವಿನಲ್ಲಿ ಮಲಗಿದ್ದ ಮೊದಲ ವಾರ ಎರಡು ತುತ್ತೂ ಸೇರದಿದ್ದ ನೀನು ಅಷ್ಟನ್ನು ಮೂರು ಪಟ್ಟು ತಿಂದಿದ್ದೀ ಎಂದರೆ ನಾನು ನಂಬುವುದಿಲ್ಲ.

ಈ ಮಾತನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 1998ರಲ್ಲಿ ಇಲ್ಲಿಯ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ಗರ್ಭಕೋಶ ತೆಗೆದಾಗ ನೀನಿನ್ನೂ ಚಿಕ್ಕವಳು. ಧಾರವಾಡದಿಂದ ಬಂದ ಹಿರಿಯರು ನನ್ನನ್ನು ಬಾಣಂತಿಯಂತೆ ನೋಡಿಕೊಂಡರು. ಬೆಳಿಗ್ಗೆ ಅಂಟಿನುಂಡಿ, ಮಧ್ಯಾಹ್ನ ಅನ್ನದ ಮೇಲೆ ತುಪ್ಪದ ಧಾರೆ, ಸಂಜೆ ಮತ್ತೆ ಅಂಟಿನುಂಡಿ. ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದನ್ನು ನಾನು ಅಲುಗಾಡಬಾರದೆಂದು ತಿಳಿದುಕೊಂಡೆ. ಮೂರು ತಿಂಗಳಲ್ಲಿ ಒಂಬತ್ತು ಕಿಲೋ ಏರಿದೆ. ಆಮೇಲೆ ನಾನು ಮಾಡಿದ ತಪ್ಪು ಅದಕ್ಕಿಂತ ದೊಡ್ಡದು. ಯಾರನ್ನೂ ಕೇಳದೆ ಒಪ್ಪೊತ್ತಿನ ಊಟ ಹಿಡಿದೆ. ತೂಕವೇನೋ ಇಳಿಯಿತು. ಆದರೆ ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು ಬರತೊಡಗಿತು. ಒಂದು ಸಂಜೆ ಡೊಂಬಿವಲಿ ಸ್ಟೇಶನ್ನಿನ ಸೇತುವೆಯ ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟೆ, ಗುರುತಿಲ್ಲದ ಹೆಣ್ಣುಮಕ್ಕಳು ನೀರು ಕುಡಿಸಿ ರಿಕ್ಷಾ ಹತ್ತಿಸಿದರು. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸುವ ಶಕ್ತಿಯೂ ತೋಳಿನಲ್ಲಿ ಉಳಿದಿರಲಿಲ್ಲ. ಹಸಿದ ಮೈ ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ ಎಂದು ಡಾಕ್ಟರು ಅಂದು ಬಿಡಿಸಿ ಹೇಳಿದರು. ಸರಿಯಾಗಿ ಉಣ್ಣಲು ಶುರುಮಾಡಿದ ವರ್ಷದೊಳಗೆ ತೂಕವೆಲ್ಲ ತಿರುಗಿ ಬಂತು, ತೋಳಿನ ಬಲ ಬರಲು ಮಾತ್ರ ಬಹಳ ದಿನ ಹಿಡಿಯಿತು.

ನಿನ್ನ ಕಾಲಿನ ವಿಷಯದಲ್ಲಿ ಇದು ಇನ್ನೂ ಮುಖ್ಯ. ಊರದೆ ಇಟ್ಟ ಕಾಲಿನ ಮೀನಖಂಡ ಹೇಗೂ ಸೊರಗುತ್ತದೆ. ಪ್ಲಾಸ್ಟರು ತೆಗೆದ ದಿನ ಎರಡೂ ಕಾಲು ಪಕ್ಕಪಕ್ಕ ಇಟ್ಟು ನೋಡಿದರೆ ನಿನಗೇ ಕಾಣುತ್ತದೆ. ಒಳಗೆ ಎಲುಬು ಕೂಡಬೇಕು, ಮೇಲೆ ಹೊಲಿಗೆಯ ಗಾಯ ಮಾಗಬೇಕು. ಎರಡಕ್ಕೂ ಪ್ರೋಟೀನು ಬೇಕು. ಆರೋಗ್ಯವಂತರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನು ಎಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕ. ಆಪರೇಶನ್ ಆದವರಿಗೆ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂ ಹೇಳುತ್ತಾರೆ. ಅರವತ್ತು ಕಿಲೋದವಳಿಗೆ ಎಪ್ಪತ್ತೆರಡರಿಂದ ತೊಂಬತ್ತು ಗ್ರಾಂ ಆಯಿತು. ನೀನು ಬಿಟ್ಟಿರುವ ರಾತ್ರಿಯ ಊಟದಲ್ಲಿ ಅದರ ಮೂರನೆಯ ಒಂದು ಪಾಲು ಹೋಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಈ ಲೆಕ್ಕ ಹೊಂದುವುದಿಲ್ಲ, ಆದ್ದರಿಂದ ನಿನ್ನ ಡಾಕ್ಟರನ್ನೂ ಒಮ್ಮೆ ಕೇಳು.

ಇದು ದೊಡ್ಡ ಲೆಕ್ಕವೆಂದು ಗಾಬರಿಯಾಗಬೇಡ, ನಮ್ಮ ಅಡಿಗೆಮನೆಯಲ್ಲಿಯೇ ಎಲ್ಲ ಇದೆ. ದೊಡ್ಡ ಲೋಟ ಹಾಲಿನಲ್ಲಿ ಎಂಟು ಗ್ರಾಂ, ಐವತ್ತು ಗ್ರಾಂ ಪನೀರಿನಲ್ಲಿ ಒಂಬತ್ತು, ಒಂದು ಹಿಡಿ ಒಣಬೇಳೆಯಲ್ಲಿ ಏಳು. ನಿಮ್ಮ ಮನೆಯಲ್ಲಿ ಮೊಟ್ಟೆ ನಡೆಯುತ್ತದೆ ಎಂಬುದು ನನಗೆ ಗೊತ್ತಿದೆ. ನಾನು ತಿನ್ನದಿದ್ದರೂ ನೀನು ತಿನ್ನು, ಒಂದರಲ್ಲಿ ಆರು ಗ್ರಾಂ. ಒಣಗಿದ ಸೋಯಾ ಇಪ್ಪತ್ತೈದು ಗ್ರಾಂ ನೆನೆಹಾಕಿ ಪಲ್ಯ ಮಾಡಿದರೆ ಹನ್ನೆರಡು ಗ್ರಾಮಿಗೆ ಮೇಲೆಯೇ ಸಿಗುತ್ತದೆ. ಪುಣೆಯವರು ಮಿಸಳಿಗೆ ಹಾಕುವ ಮಡಿಕೆಕಾಳನ್ನೇ ಮೊಳಕೆ ಬರಿಸಿ, ಎಣ್ಣೆ ತೇಲುವ ಖಾರದ ರಸ, ಆ ತರ್ರಿ, ಇಲ್ಲದೆ ಒಗ್ಗರಣೆಯಲ್ಲಿ ಬಾಡಿಸಿ, ಜೋಳದ ರೊಟ್ಟಿ ಮತ್ತು ಗಟ್ಟಿ ಮೊಸರಿನ ಜೊತೆ ಉಂಡರೆ ರಾತ್ರಿಯ ಊಟವಾಯಿತು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಒಳ್ಳೆಯದೇ, ಆದರೆ ಅದರಲ್ಲಿ ಎಣ್ಣೆಯ ಅಂಶ ಹೆಚ್ಚಾದ್ದರಿಂದ ಒಂದು ಚಮಚ ಸಾಕು. ದಿನಕ್ಕೊಂದು ಪೇರಲ ಹಣ್ಣು ತರಿಸಿಕೊ. ಗಾಯ ಮಾಗಲು ಬೇಕಾದ ಸಿ ಜೀವಸತ್ವ ಅದರಲ್ಲಿ ಕಿತ್ತಳೆಗಿಂತ ಎಷ್ಟೋ ಪಟ್ಟು ಹೆಚ್ಚು.

ಹಾಗಾದರೆ ಯಾವುದನ್ನು ಬಿಡಬೇಕು ಎಂದು ಕೇಳುತ್ತೀ. ಮೈ ಸುಮ್ಮನೆ ಮಲಗಿದ್ದರೂ ಉಸಿರಾಡಲು, ಹೃದಯ ಬಡಿಯಲು, ಮೈ ಬೆಚ್ಚಗಿಡಲು ದಿನದ ಒಟ್ಟು ಖರ್ಚಿನ ನೂರಕ್ಕೆ ಅರವತ್ತು, ಎಪ್ಪತ್ತು ಪಾಲನ್ನು ಬಳಸುತ್ತಲೇ ಇರುತ್ತದೆ. ನೀನು ಓಡಾಡದೆ ಇರುವುದರಿಂದ ಉಳಿಯುವುದು ಸಣ್ಣ ಪಾಲು. ಅಷ್ಟನ್ನು ಊಟದ ನಡುವಿನ ತಿನಿಸಿನಿಂದಲೇ ತೆಗೆಯಬಹುದು. ಹಾಸಿಗೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವಾಗ ಐದು ಸಲ ಚಹಾ ಬರುತ್ತದೆ ಎಂದೆ. ಒಂದಕ್ಕೆ ಎರಡು ಚಮಚೆ ಸಕ್ಕರೆ ಎಂದರೂ ದಿನಕ್ಕೆ ಐವತ್ತು ಗ್ರಾಂ, ಇನ್ನೂರು ಕ್ಯಾಲೊರಿ. ಸಕ್ಕರೆ ಇಪ್ಪತ್ತೈದು ಗ್ರಾಮಿನೊಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚಹಾ ಎರಡಕ್ಕೆ ಇಳಿಸಿ, ಸಕ್ಕರೆ ಒಂದು ಚಮಚೆ ಮಾಡು. ಪಕ್ಕದಲ್ಲಿರುವ ಫರಸಾಣದ ಡಬ್ಬಿ ಅಡಿಗೆಮನೆಗೆ ಹೋಗಲಿ, ಕರಿದ ಶೇವು ನೂರು ಗ್ರಾಮಿಗೆ ಐನೂರು ಕ್ಯಾಲೊರಿಗೂ ಹೆಚ್ಚು. ನಿನ್ನ ಅತ್ತೆಯವರು ಎಲುಬು ಬೇಗ ಕೂಡಲೆಂದು ಮಾಡಿಕೊಡುವ ಡಿಂಕದ ಲಾಡು ನಮ್ಮ ಅಂಟಿನುಂಡಿಯೇ. ಅದನ್ನು ಬೇಡವೆಂದು ಅವರ ಮನಸ್ಸು ನೋಯಿಸಬೇಡ. ಬೆಳಿಗ್ಗೆ ಉಪ್ಪಿಟ್ಟು ಅರ್ಧ ಮಾಡಿ ಒಂದು ಲಾಡು ತಿನ್ನು, ಸಂಜೆಯದನ್ನು ಮಾತ್ರ ಕೈಮುಗಿದು ತಪ್ಪಿಸು.

ನಿನಗೆ ಹೇಳಲು ಸಂಕೋಚವಾಗಿರಬಹುದಾದ ಒಂದು ವಿಷಯವನ್ನು ನಾನೇ ಎತ್ತುತ್ತೇನೆ. ಪಾಯಿಖಾನೆಗೆ ಹೋಗಲು ಪ್ರತಿ ಸಲ ಯಾರಾದರೂ ಹಿಡಿದುಕೊಳ್ಳಬೇಕಲ್ಲ ಎಂದು ನೀನು ನೀರು ಕುಡಿಯುವುದನ್ನು ಕಡಿಮೆ ಮಾಡಿರಬಹುದು. ನಾನೂ ಹಾಗೆ ಮಾಡಿದ್ದೆ. ನೋವಿನ ಮಾತ್ರೆ, ಕಬ್ಬಿಣದ ಮಾತ್ರೆ ಮೊದಲೇ ಮಲ ಗಟ್ಟಿ ಮಾಡುತ್ತವೆ. ನೀರೂ ಕಡಿಮೆಯಾದರೆ ಹೊಟ್ಟೆ ಉಬ್ಬರಿಸುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ತಾಸಿಗೊಂದು ಲೋಟ ಕುಡಿ. ಮೀನಖಂಡದಲ್ಲಿ ಹೊಸದಾಗಿ ಬಾವು, ನೋವು ಕಂಡರೆ, ಇಲ್ಲವೆ ಏದುಸಿರು ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವಿನಿಂದ ರಾತ್ರಿ ಎರಡಕ್ಕೆ ಎಚ್ಚರವಾದಾಗ ಕೈ ಬಿಸ್ಕಿಟಿನ ಡಬ್ಬಿಗೆ ಹೋಗುತ್ತದೆ ಎಂದೆಯಲ್ಲ, ರಾತ್ರಿ ಊಟ ಮಾಡಿದ್ದರೆ ಅರ್ಧ ಹಸಿವೆ ಅಲ್ಲಿಯೇ ತೀರುತ್ತಿತ್ತು. ಉಳಿದದ್ದು ನೋವು, ಅದನ್ನು ಡಾಕ್ಟರಿಗೆ ಹೇಳು.

ತೊಡೆ ಬಿಗಿಹಿಡಿದು ಬಿಡುವುದು, ಬೆರಳು ಆಡಿಸುವುದು, ಕುಳಿತಲ್ಲಿಯೇ ತೋಳಿನ ವ್ಯಾಯಾಮ, ಇವುಗಳಲ್ಲಿ ಫಿಸಿಯೋಥೆರಪಿಯವರು ಒಪ್ಪಿದಷ್ಟನ್ನು ತಪ್ಪದೆ ಮಾಡು. ಮೊಬೈಲಿನಲ್ಲಿ ನೋಡಿದ್ದನ್ನು ಮಾಡಬೇಡ. ತೂಕ ಇಳಿಸುವ ಚೂರ್ಣ, ಮಾತ್ರೆ ಯಾರು ಕೊಟ್ಟರೂ ತೆಗೆದುಕೊಳ್ಳಬೇಡ. ಈ ದಿನಗಳಲ್ಲಿ ತೂಕ ಇಳಿಯಬೇಕಿಲ್ಲ, ಬಹಳ ಏರದಿದ್ದರೆ ಸಾಕು. ಅಳತೆ ಬೇಕೇ ಬೇಕೆಂದರೆ ವಾರಕ್ಕೊಮ್ಮೆ, ಬೆಳಿಗ್ಗೆ, ಪೈಜಾಮದ ಲಾಡಿಯ ಗಂಟು ಮೊದಲಿನ ಗುರುತಿಗೇ ಬರುತ್ತದೆಯೋ ಎಂದು ಹಾಸಿಗೆಯಲ್ಲಿ ಕುಳಿತೇ ನೋಡಿಕೊ.

ಬರುವ ಶನಿವಾರ ನಾನು ಕಲ್ಯಾಣದಲ್ಲಿ ಇಂದ್ರಾಯಣಿ ರೈಲು ಹತ್ತಿ ಬರುತ್ತೇನೆ. ಲೋಣಾವಳದಲ್ಲಿ ಚಿಕ್ಕಿ ಕೊಳ್ಳುವುದಿಲ್ಲ. ಬಟ್ಟೆಯಲ್ಲಿ ಕಟ್ಟಿದ ಮಡಿಕೆಕಾಳು ಪ್ರಯಾಣದಲ್ಲಿಯೇ ಮೊಳಕೆ ಒಡೆದಿರುತ್ತದೆ, ಅಗಸಿ ಹಿಂಡಿ ಮತ್ತು ಜೋಳದ ಹಿಟ್ಟು ಚೀಲದಲ್ಲಿವೆ; ರೊಟ್ಟಿ ನಾನೇ ಬಡಿಯುತ್ತೇನೆ. ಆ ತೂಕದ ಮಶೀನನ್ನು ಇವತ್ತೇ ಅಟ್ಟದ ಮೇಲೆ ಹಾಕಿಸು. ಇವತ್ತು ರಾತ್ರಿ ಏನು ಉಂಡೆ ಎಂದು ಮಲಗುವ ಮುಂಚೆ ಫೋನು ಮಾಡಿ ಹೇಳು, ನಾನು ಎಚ್ಚರ ಇರುತ್ತೇನೆ.

ಇಂತಿ ನಿನ್ನ
ದೊಡ್ಡವ್ವ