ಆನೆಗೆ ಹುಣಸೆಹಣ್ಣಿನ ಸ್ನಾನ

ಮೈಸೂರು

ಚಿ. ಪುಟ್ಟುವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ದೊಡ್ಡಮ್ಮನ ಮಂಡಿನೋವು ಒಂದು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀನು ಕಳಿಸಿದ ಫೋಟೋಗಳು ಬಂದವು. ಅಜ್ಜಿಯ ದೇವರ ಪೆಟ್ಟಿಗೆಯಲ್ಲಿ ಇಷ್ಟೊಂದು ನಾಣ್ಯ ಇತ್ತು ಅಂತ ನನಗೂ ಗೊತ್ತಿರಲಿಲ್ಲ ನೋಡು. "ಎಲ್ಲಾ ಕಪ್ಪಾಗಿವೆ, ಮಾರೋ ಮೊದಲು ಪಾಲಿಷ್ ಮಾಡಿಸಲಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಮುಟ್ಟಬೇಡ. ಪುಡಿ ಬೇಡ, ಪೇಸ್ಟ್ ಬೇಡ, ನಿಂಬೆಹಣ್ಣು ಬೇಡ. ವಿಡಿಯೋಗಳಲ್ಲಿ ತೋರಿಸುವ ಸೋಡಾ-ಫಾಯಿಲ್ ಆಟವೂ ಬೇಡ.

ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ನನಗಾಗ ಇಪ್ಪತ್ತಮೂರು ವರ್ಷ. ಹಳೇ ಸಾಮಾನಿನವನ ಹತ್ತಿರ ಟಿಪ್ಪುವಿನ ಕಾಲದ ಒಂದು ತಾಮ್ರದ ಪೈಸೆ ಸಿಕ್ಕಿತ್ತು. ಒಂದು ಕಡೆ ಆನೆ. ಇನ್ನೊಂದು ಕಡೆ ಪರ್ಷಿಯನ್ ಅಕ್ಷರದಲ್ಲಿ 'ಪಟನ್', ಅಂದರೆ ಶ್ರೀರಂಗಪಟ್ಟಣದ ಟಂಕಸಾಲೆಯದ್ದು. ಕಾಫಿ ಬೀಜ ಹದವಾಗಿ ಹುರಿದಾಗ ಬರುತ್ತಲ್ಲ, ಆ ಕಂದು ಬಣ್ಣ ಅದರ ಮೈತುಂಬ ಒಂದೇ ಸಮ ಕೂತಿತ್ತು. ನನ್ನ ಕಣ್ಣಿಗೆ ಅದು ಕೊಳೆ! ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು, ಉಪ್ಪು ಹಚ್ಚಿ ಹೆಬ್ಬೆರಳಲ್ಲಿ ಉಜ್ಜಿದೆ. ಎರಡೇ ನಿಮಿಷಕ್ಕೆ ಆನೆ ಗುಲಾಬಿ ಬಣ್ಣಕ್ಕೆ ತಿರುಗಿತು. ನನಗೋ ಹೆಮ್ಮೆ. ಕರ್ಚೀಫಿನಲ್ಲಿ ಸುತ್ತಿಕೊಂಡು ಹೋಗಿ, ನಾಣ್ಯ ಕೊಳ್ಳುವ ಹಿರಿಯರೊಬ್ಬರ ಮುಂದೆ ಇಟ್ಟೆ. ಅವರು ಭೂತಗನ್ನಡಿ ಹಿಡಿದು, ಬೆಳಕಿಗೆ ಓರೆ ಮಾಡಿ ಒಂದೇ ಸಲ ನೋಡಿದರು. "ಏನಯ್ಯಾ, ಆನೆಗೆ ಎಣ್ಣೆ-ಸೀಗೆಕಾಯಿ ಸ್ನಾನ ಮಾಡಿಸಿದ್ದೀಯಾ?" ಅಂದರು. ಹಾಗೇ ತಂದಿದ್ದರೆ ಕೊಡುತ್ತಿದ್ದ ದುಡ್ಡಿನಲ್ಲಿ ಅರ್ಧವನ್ನೂ ಕೊಡಲು ಒಪ್ಪಲಿಲ್ಲ. ನಾನೂ ಮಾರಲಿಲ್ಲ. ಈಗಲೂ ನನ್ನ ಡಬ್ಬಿಯಲ್ಲಿದೆ. ಕೆಲವು ವರ್ಷಕ್ಕೆ ಮತ್ತೆ ಕಪ್ಪಾಯಿತು ನಿಜ, ಆದರೆ ತೇಪೆ ಹಾಕಿದ ಹಾಗೆ ಕಪ್ಪಾಯಿತು. ಆ ಕಾಫಿ ಬಣ್ಣ ಮಾತ್ರ ವಾಪಸ್ ಬರಲಿಲ್ಲ.

ಆಮೇಲೆ ಆ ಹಿರಿಯರೇ ನನಗೆ ಎಲ್ಲ ಬಿಡಿಸಿ ಹೇಳಿದ್ದು. ಮೇಲೆ ಕೂತ ಮಣ್ಣು, ಎಣ್ಣೆ, ಜಿಡ್ಡು ಹೊರಗಿನದು. ಬೆಳ್ಳಿಯ ಕಪ್ಪು ಹಾಗಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಆ ಪದರ ಆಗುತ್ತೆ. ಬೆಳ್ಳಿಯೇ ಬಣ್ಣ ಬದಲಿಸಿ ಕೂತಿರುತ್ತೆ ಅಂದುಕೋ. ಅದನ್ನು ಉಜ್ಜಿ ತೆಗೆದರೆ ಅದರ ಜೊತೆ ನಾಣ್ಯದ ಮೈಯೂ ಒಂದು ಪದರ ಹೋಗುತ್ತೆ. ಹೊಸ ನಾಣ್ಯ ಅಚ್ಚಿನ ಏಟಿಗೆ ಸಿಕ್ಕಾಗ ಲೋಹ ಒಳಗಿಂದ ಅಂಚಿನ ಕಡೆಗೆ ಹರಿಯುತ್ತೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಉಳಿಯುತ್ತವೆ. ಬಲ್ಬಿನ ಕೆಳಗೆ ನಾಣ್ಯ ತಿರುಗಿಸಿದರೆ ಗಾಡಿ ಚಕ್ರದ ಕಡ್ಡಿ ಹಾಗೆ ಬೆಳಕು ಸುತ್ತುತ್ತಲ್ಲ, ಅದು ಈ ಗೆರೆಗಳ ಕೆಲಸ. ವ್ಯಾಪಾರದವರು ಅದಕ್ಕೆ ಲಸ್ಟರ್ ಅಂತಾರೆ. ಒಮ್ಮೆ ಉಜ್ಜಿದರೆ ಮುಗಿಯಿತು. ಪಾಲಿಷ್ ಹೊಳೆಯುತ್ತೆ, ಆದರೆ ಸ್ಟೀಲ್ ಲೋಟ ಹೊಳೆದ ಹಾಗೆ. ಬೆಳಕು ಸುತ್ತಲ್ಲ.

ಗ್ರೇಡಿಂಗ್ ಬಗ್ಗೆ ಕೇಳಿದ್ದೀಯ. ನಾಣ್ಯದ ಸ್ಥಿತಿ ನೋಡಿ 1ರಿಂದ 70ರವರೆಗೆ ಅಂಕ ಕೊಡುತ್ತಾರೆ, 60ರಿಂದ ಮೇಲೆ ಅಂದರೆ ಚಲಾವಣೆಯಲ್ಲಿ ಸವೆಯದ ನಾಣ್ಯ. ಅಮೆರಿಕದ ಪಿಸಿಜಿಎಸ್, ಎನ್‌ಜಿಸಿ ಥರದ ಗ್ರೇಡಿಂಗ್ ಕಂಪನಿಗಳು ಉಜ್ಜಿದ ನಾಣ್ಯಕ್ಕೆ ಅಂಕವನ್ನೇ ಕೊಡಲ್ಲ. ಅಂಕದ ಬದಲು 'ಡೀಟೇಲ್ಸ್' ಅಂತ ಬರೆದು ಪಕ್ಕದಲ್ಲಿ 'ಕ್ಲೀನ್ಡ್', ಅಂದರೆ ಉಜ್ಜಿದ್ದು ಅಂತ ಹಾಕುತ್ತಾರೆ. ಆಮೇಲೆ ಕೊಳ್ಳುವವನು ಚೌಕಾಸಿ ಶುರುಮಾಡುವುದೇ ಆ ಪದದಿಂದ. ಅಂದಹಾಗೆ, ನೂರು ವರ್ಷ ದಾಟಿದ ನಾಣ್ಯ ನಮ್ಮ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಹೊರದೇಶಕ್ಕೆ ಕಳಿಸೋ ಹಾಗಿಲ್ಲ. ಅಮೆರಿಕಕ್ಕೆ ಕೊರಿಯರ್ ಮಾಡುವ ಯೋಚನೆ ಇದ್ದರೆ ಇವತ್ತೇ ಬಿಡು.

ಈಗ ನಿನ್ನ ಪೆಟ್ಟಿಗೆಗೆ ಬರುತ್ತೇನೆ. 1862ರ ವಿಕ್ಟೋರಿಯಾ ರೂಪಾಯಿ ಏಳೆಂಟು ಕಾಣುತ್ತಿವೆ. ಅದೇ ಇಸವಿ ಹಾಕಿಕೊಂಡು 1874ರವರೆಗೂ ಅಚ್ಚು ಹಾಕಿದ್ದರಿಂದ ಅವು ಸಾಮಾನ್ಯ. ಒಂದೊಂದೂ ಒಂದು ತೊಲ, 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ರಾಣಿಯ ಕೆನ್ನೆ, ಕೂದಲು ಸವೆದಿರುವ ನಾಣ್ಯಕ್ಕೂ ಬೆಳ್ಳಿಯ ತೂಕದ ಬೆಲೆಯಂತೂ ಎಲ್ಲೂ ಹೋಗಲ್ಲ. ಮೇಲಾಗಿ ಅವು ಆಗಲೇ ಉಜ್ಜಿಸಿಕೊಂಡಿವೆ! ಪ್ರತಿ ವರಮಹಾಲಕ್ಷ್ಮಿ ಹಬ್ಬಕ್ಕೂ ಅಜ್ಜಿ ವಿಭೂತಿ ಹಚ್ಚಿ ತಿಕ್ಕುತ್ತಿದ್ದುದನ್ನು ನಾನೇ ನೋಡಿದ್ದೇನೆ. ಬಯ್ಯೋಕಾಗುತ್ತಾ? ಅವರ ಪಾಲಿಗೆ ಅದು ಲಕ್ಷ್ಮಿ. ಒಂದನ್ನು ಭೂತಗನ್ನಡಿಯಲ್ಲಿ ಓರೆ ಮಾಡಿ ನೋಡು. ಒದ್ದೆ ಅಂಗಳದಲ್ಲಿ ಪೊರಕೆ ಎಳೆದ ಹಾಗೆ ಸಣ್ಣ ಗೀರುಗಳು, ಅಕ್ಷರದ ಸಂದಿಯಲ್ಲಿ ಮಾತ್ರ ಕಪ್ಪು, ಬಯಲು ಜಾಗವೆಲ್ಲ ಬಿಳಿ. ಇಂಥವನ್ನು ಮಾರಬೇಡ, ಹಬ್ಬಕ್ಕೆ ಇಟ್ಟುಕೋ. ಎಷ್ಟು ಬೇಕಾದರೂ ತೊಳೆ.

ನನ್ನ ಕಣ್ಣಿರುವುದು ಮೂರನೇ ಫೋಟೋದ ತಾಮ್ರದ್ದರ ಮೇಲೆ. ಆನೆ, ಮೇಲೆ 'ಶ್ರೀ', ಹಿಂದೆ ಕನ್ನಡದಲ್ಲಿ 'ಮಯಿಲಿ ಕಾಸು'. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಅಂಚಿನಲ್ಲಿ ಹಸಿರು ಕಾಣುತ್ತಿದೆ. ಆ ಹಸಿರು ಗಟ್ಟಿಯಾಗಿ ಅಂಟಿಕೊಂಡಿದೆಯೋ ಅಥವಾ ತಿಳಿ ಹಸಿರು ಪುಡಿ ಥರ ಉದುರುತ್ತೋ ನೋಡಿ ಹೇಳು. ಉಗುರು ಹಾಕಿ ಕೆರೆಯಬೇಡ, ಸುಮ್ನೆ ಕಣ್ಣಲ್ಲಿ ನೋಡು. ಗಟ್ಟಿ ಇದ್ದರೆ ಚಿಂತೆ ಇಲ್ಲ. ಉದುರಿದರೆ ಲೋಹ ತಿನ್ನುವ ಕಾಯಿಲೆ, ತಿಳಿದವರ ಕೈಗೇ ಕೊಡಬೇಕು. ಅಲ್ಲಿಯವರೆಗೆ ಬೇರೆ ನಾಣ್ಯದ ಜೊತೆ ಇಡಬೇಡ.

ಹಾಗಾದರೆ ಏನೂ ಮಾಡಲೇಬಾರದಾ ಅಂದರೆ, ಒಂದಿಷ್ಟು ಮಾಡಬಹುದು. ಕುಂಕುಮ, ಎಣ್ಣೆ ಜಿಡ್ಡು ಇದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕು. ಅದಕ್ಕೂ ಬಗ್ಗದಿದ್ದರೆ ಶುದ್ಧ ಅಸಿಟೋನ್, ಗಾಜಿನ ಬಟ್ಟಲಲ್ಲಿ, ಕಿಟಕಿ ತೆಗೆದು, ಒಲೆಯಿಂದ ದೂರ. ಉಗುರುಬಣ್ಣ ತೆಗೆಯೋ ದ್ರಾವಣ ಅಲ್ಲ, ಅದರಲ್ಲಿ ವಾಸನೆ, ಬಣ್ಣ ಎಲ್ಲಾ ಸೇರಿಸಿರುತ್ತಾರೆ. ಒರೆಸಬೇಡ, ಮೆತ್ತನೆ ಹತ್ತಿಬಟ್ಟೆಯ ಮೇಲಿಟ್ಟು ತಾನಾಗಿ ಆರಲು ಬಿಡು. ಅಂಚು ಹಿಡಿದೇ ಎತ್ತು. ಫೋಟೋದಲ್ಲಿ ನಾಣ್ಯಗಳಿಗೆ ಸುತ್ತಿರುವ ಆ ರಬ್ಬರ್ ಬ್ಯಾಂಡ್ ಮೊದಲು ಬಿಚ್ಚು, ಬೆಳ್ಳಿಯನ್ನು ಕಪ್ಪು ಮಾಡುವುದರಲ್ಲಿ ಅದಕ್ಕೂ ಪಾಲಿದೆ. ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಪೌಚೂ ಬೇಡ, ಹಸಿರು ಅಂಟು ಬಿಡುತ್ತೆ.

ದಸರಾಕ್ಕೆ ಬರುವಾಗ ಪೆಟ್ಟಿಗೆ ಸಮೇತ ಬಾ, ಇಬ್ಬರೂ ಕೂತು ಒಂದೊಂದೇ ನೋಡೋಣ. ನನ್ನ ಗುಲಾಬಿ ಆನೆಯನ್ನೂ ತೋರಿಸುತ್ತೇನೆ. ಈ ಪತ್ರ ಓದಿದ ತಕ್ಷಣ ನಿನ್ನ ಅಮ್ಮನಿಗೆ ಒಂದು ಮಾತು ಹೇಳಿಬಿಡು. ಹಬ್ಬ ಹತ್ತಿರ ಬಂತು, ಮನೆಯ ಬೆಳ್ಳಿಯನ್ನೆಲ್ಲ ತೊಳೆಯಲು ಕೂತರೆ ಅವಳನ್ನು ತಡೆಯೋರು ಯಾರೂ ಇಲ್ಲ.

ಇಂತಿ ನಿನ್ನ
ದೊಡ್ಡಪ್ಪ