ಬೇಲಿ ಸಾಲಿನಲ್ಲಿ ಕಟ್ಟಿರೋ ಉರುಳು ಬಿಚ್ಚಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪೇಪರ್‌ನಲ್ಲಿ ಓದುಗರೊಬ್ರು ಬರೆದಿದ್ರು, ಹೊಲಕ್ಕೆ ನುಗ್ಗೋ ಮೊಲಗಳಿಗೆ ಉರುಳು ಹಾಕೋದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ, ಖರ್ಚಿಲ್ಲ ಸದ್ದಿಲ್ಲ ಅಂತ. ಅದನ್ನ ಓದಿದಾಗಿಂದ ಮನಸ್ಸಿಗೆ ಸಮಾಧಾನ ಇಲ್ಲ, ಅದಕ್ಕೇ ಈ ಪತ್ರ.

ನಾನೂ ಬೇಸಾಯ ಮಾಡೋನೇ. ಮೊಲದಿಂದ ಎಷ್ಟು ಲುಕ್ಸಾನು ಆಗತ್ತೆ ಅನ್ನೋದು ಅನುಭವಿಸಿ ಗೊತ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ಆಗ ತಾನೇ ಎಲೆ ಬಿಟ್ಟ ಸಸಿಗಳು ಸಾಲಿಗೆ ಸಾಲೇ ಕತ್ತರೀಲಿ ಓರೆಯಾಗಿ ಕತ್ತರಿಸಿದ ಹಾಗೆ ಇರ್ತವೆ (ಜಿಂಕೆ ತಿಂದಿದ್ರೆ ತುದಿ ಹರಿದು ಜಗ್ಗಿದ ಹಾಗಿರತ್ತೆ, ಮೊಲದ್ದು ಚೊಕ್ಕವಾಗಿ ಕಡಿದಿರತ್ತೆ), ಪಕ್ಕದಲ್ಲೇ ದುಂಡು ದುಂಡು ಹಿಕ್ಕೆ. ಅದೂ ಪೊದೆಗೆ ಹತ್ರ ಇರೋ ಅಂಚಿನ ಸಾಲುಗಳೇ ಜಾಸ್ತಿ ಹಾಳಾಗೋದು, ಯಾಕಂದ್ರೆ ಗಾಬರಿ ಆದ್ರೆ ಓಡಿ ಹೋಗಿ ಬಚ್ಚಿಟ್ಕೊಳ್ಳೋ ಜಾಗ ಬಿಟ್ಟು ಮೊಲ ಬಹಳ ದೂರ ಮೇಯೋಕೆ ಹೋಗಲ್ಲ. ಕಷ್ಟಪಟ್ಟು ಬಿತ್ತಿದವನಿಗೆ ಸಿಟ್ಟು ಬರೋದು ಸಹಜ, ನನಗೂ ಬಂದಿದೆ.

ಆದ್ರೆ ಉರುಳಿನ ವಿಷ್ಯ ಬೇರೆ. ಕೋವಿ ಹಿಡಿದೋನು ಎದುರಿಗೆ ಇರೋದು ಏನು ಅಂತ ನೋಡ್ತಾನೆ, ಅನುಮಾನ ಇದ್ರೆ ಕೈ ತಡೀತಾನೆ. ಹಳೇ ಕ್ಲಚ್ ವೈರ್ ಸುತ್ತಿ ಪೊದೆ ಸಂದಿನಲ್ಲಿ ಕಟ್ಟಿ ಮನೆಗೆ ಹೋದ ಮೇಲೆ ಆ ವೈರಿಗೆ ಯಾರು ಬಂದ್ರೂ ಒಂದೇ. ಮೂರು ವರ್ಷದ ಹಿಂದೆ ನಮ್ಮ ನಾಯಿ ರಾತ್ರಿ ಮನೆಗೆ ಬರ್ಲಿಲ್ಲ, ಎಲ್ಲೋ ಹೋಗಿರತ್ತೆ ಬರತ್ತೆ ಅಂತ ಸುಮ್ನಿದ್ವಿ, ಮಾರನೇ ದಿನ ಮಧ್ಯಾಹ್ನ ಬದುವಿನ ಕಡೆಯಿಂದ ಸಣ್ಣಗೆ ಕುಂಯ್ ಅನ್ನೋದು ಕೇಳಿ ಹೋಗಿ ನೋಡಿದ್ರೆ ಸೊಂಟಕ್ಕೆ ತಂತಿ ಬಿಗಿದಿದೆ, ಎಳೆದಷ್ಟೂ ಒಳಗೆ ಹೋಗಿ ಚರ್ಮ ಕೊಯ್ದು ಮಾಂಸ ಕಾಣ್ತಿತ್ತು, ಸುತ್ತ ನೆಲನೆಲ್ಲಾ ಕೆರೆದು ಹಾಕಿತ್ತು. ಇಕ್ಕಳ ತಂದು ತಂತಿ ತುಂಡು ಮಾಡಿ ಬಿಡಿಸಿದೆ. ಬದುಕಿತು, ಆದ್ರೆ ಇವತ್ತಿಗೂ ಆ ಬದುವಿನ ಹತ್ರ ಕರೆದ್ರೆ ಬರಲ್ಲ. ಅವತ್ತು ಅದೇ ಬೇಲಿ ಸಾಲಿನಲ್ಲಿ ಹುಡುಕಿದಾಗ ಇನ್ನೂ ನಾಲ್ಕು ಉರುಳು ಸಿಕ್ಕಿದ್ವು, ಒಂದರಲ್ಲಿ ಒಣಗಿ ಹೋದ ಮೊಲ, ಹಾಕಿದೋನು ತಿರುಗಿ ನೋಡೋಕೂ ಬಂದಿರ್ಲಿಲ್ಲ. ಬೆಕ್ಕು, ನರಿ, ಮುಂಗುಸಿ ಎಲ್ಲಾ ಅದೇ ಜಾಡಿನಲ್ಲೇ ಓಡಾಡ್ತವೆ, ಹಂದಿಗೆ ಹಾಕಿದ ಉರುಳಿಗೆ ಚಿರತೆ ಸಿಕ್ಕಿ ಸತ್ತ ಸುದ್ದಿ ನಿಮ್ಮ ಪೇಪರ್‌ನಲ್ಲೇ ಓದಿದ್ದೀನಿ.

ಇನ್ನೊಂದು ವಿಷ್ಯ ಯಾರೂ ಯೋಚನೆ ಮಾಡಲ್ಲ, ಮರಿಗಳದ್ದು. ನಾವು ಎಲ್ಲದಕ್ಕೂ ಮೊಲ ಅಂತಾನೇ ಅಂತೀವಿ ಆದ್ರೆ ಅದ್ರಲ್ಲಿ ಎರಡು ಥರ ಇವೆ. ಬಿಲದ ಮೊಲ ಸುಮಾರು 30 ದಿನ ಗಬ್ಬ ಇದ್ದು, ಕಣ್ಣು ಬಿಡದ ಕೂದಲಿಲ್ಲದ ಮರಿ ಹಾಕತ್ತೆ. ಕಾಡುಮೊಲ ಬಿಲ ತೋಡಲ್ಲ, ಹುಲ್ಲಿನ ನಡುವೆ ಮೈ ಹಿಡಿಸೋಷ್ಟು ತಗ್ಗಲ್ಲೇ ಮಲಗೋದು, ಅದ್ರ ಮರಿ ಹುಟ್ಟುವಾಗ್ಲೇ ಕಣ್ಣು ಬಿಟ್ಟಿರತ್ತೆ, ಮೈತುಂಬಾ ಕೂದಲಿರತ್ತೆ. ಎರಡರಲ್ಲೂ ತಾಯಿ ಮರಿ ಹತ್ರ ಕೂತಿರಲ್ಲ, ವಾಸನೆ ಹಿಡಿದು ನರಿ ಬರಬಾರ್ದು ಅಂತ ದಿನಕ್ಕೆ ಹೆಚ್ಚುಕಮ್ಮಿ ಒಂದೇ ಸಲ ಬಂದು ಕೆಲವೇ ನಿಮಿಷ ಹಾಲು ಕೊಟ್ಟು ಹೋಗತ್ತೆ. ಹಂಗೆ ಬರೋ ದಾರೀಲೇ ಉರುಳು ಇದ್ರೆ? ಮರಿ ಸದ್ದು ಮಾಡ್ದೆ ಕಾಯ್ತಾ ಕಾಯ್ತಾ ಸಾಯತ್ತೆ, ಉರುಳು ಹಾಕಿದೋನಿಗೆ ಮರಿ ಇತ್ತು ಅನ್ನೋದೇ ಗೊತ್ತಾಗಲ್ಲ. (ಹಂಗೇ ಹುಲ್ಲು ಕೊಯ್ಯುವಾಗ ಒಂಟಿ ಮರಿ ಕಂಡ್ರೆ ಪಾಪ ಅನಾಥ ಅಂತ ಮನೆಗೆ ತರಬೇಡಿ, ತಾಯಿ ಸಂಜೆಗೆ ಬರತ್ತೆ.)

ಕಾನೂನಿನ ಮಾತಿಗೆ ಬಂದ್ರೆ, ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಮೊಲ ಬೇಟೆ ಅಪರಾಧ, ಉರುಳಾಗ್ಲಿ ಕೋವಿಯಾಗ್ಲಿ. ಮೊಲ ಹೊಡೆಯೋಕೆ ಅವಕಾಶ ಇರೋ ದೇಶಗಳಲ್ಲೂ ಉರುಳಿನ ಬಗ್ಗೆ ಮನಸ್ಸು ಬದಲಾಗಿದೆ, ವೇಲ್ಸ್ 2023ರಲ್ಲಿ ನಿಷೇಧ ಮಾಡ್ತು, ಸ್ಕಾಟ್ಲೆಂಡ್ 2024ರಲ್ಲಿ. ಅಲ್ಲೂ ರೈತರೇ ಇರೋದು, ಅವರ ಬೆಳೆನೂ ಮೊಲ ತಿನ್ನತ್ತೆ.

ಆ ಪತ್ರದಲ್ಲಿ ಹಿಡೀತಾ ಹೋದ್ರೆ ಕಾಟ ತಾನಾಗೇ ನಿಲ್ಲತ್ತೆ ಅಂತ ಬರೆದಿದ್ರು. ನಿಲ್ಲಲ್ಲ. ಆಸ್ಟ್ರೇಲಿಯಾದಲ್ಲಿ 1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನ್ದಾರ ಬೇಟೆ ಆಡೋಕೆ ಅಂತಾನೇ ಇಂಗ್ಲೆಂಡಿಂದ ಕೆಲವೇ ಮೊಲ ತರಿಸಿ ಬಿಟ್ಟ, ಅವು ಕೋಟಿಗಟ್ಲೆ ಆದ್ವು, ಕೋವಿ ಬೋನು ವಿಷ ಯಾವುದಕ್ಕೂ ಜಗ್ಗಲಿಲ್ಲ, ಕೊನೆಗೆ 1950ರಲ್ಲಿ ಮಿಕ್ಸೋಮಾ ಅನ್ನೋ ವೈರಸ್ಸೇ ಬಿಡಬೇಕಾಯ್ತು, ಶುರುನಲ್ಲಿ ರೋಗ ತಗುಲಿದ್ದೆಲ್ಲಾ ಹೆಚ್ಚುಕಮ್ಮಿ ಸತ್ತೇ ಹೋದ್ವು, ಆಮೇಲೆ ಉಳಿದವಕ್ಕೆ ಅದನ್ನ ತಡ್ಕೊಳ್ಳೋ ಶಕ್ತಿ ಬಂತು. ಮೇವು, ಮರೆ ಎರಡೂ ಹಂಗೇ ಇದ್ರೆ ಖಾಲಿಯಾದ ಜಾಗಕ್ಕೆ ಬೇರೆ ಮೊಲ ಬಂದೇ ಬರತ್ತೆ.

ನಮ್ಮ ಹೊಲದಲ್ಲಿ ಕೆಲಸಕ್ಕೆ ಬಂದಿದ್ದು ಜಾಲರಿ ಬೇಲಿ. ಕಣ್ಣು 3 ಸೆಂ.ಮೀ.ಗಿಂತ ದೊಡ್ಡದಿರಬಾರ್ದು, ಇದ್ರೆ ಮರಿ ನುಸುಳತ್ತೆ. ನೆಲದಿಂದ ಮೇಲಕ್ಕೆ 75ರಿಂದ 90 ಸೆಂ.ಮೀ. ಸಾಕು. ಮುಖ್ಯ ಏನಂದ್ರೆ ಕೆಳಗಡೆ ಒಂದು 15 ಸೆಂ.ಮೀ. ಜಾಲರಿನ ಹೊರಗಡೆಗೆ, ಅಂದ್ರೆ ಮೊಲ ಬರೋ ಕಡೆಗೆ ಮಡಚಿ ಮಣ್ಣಲ್ಲಿ ಕೂರಿಸಬೇಕು, ಮೊಲ ಬೇಲಿ ಬುಡಕ್ಕೆ ಬಂದೇ ಕೆರೆಯೋದು, ಅಲ್ಲಿ ಜಾಲರಿ ಸಿಕ್ಕಿದ್ರೆ ಕೈ ಬಿಡತ್ತೆ. ನಾನು ಮೊದಲನೇ ಸಲ ಇದನ್ನ ಮಾಡ್ದೆ ಸುಮ್ನೆ ನೇರ ನಿಲ್ಲಿಸಿದ್ದೆ, ವಾರದಲ್ಲೇ ಅಡಿಯಿಂದ ದಾರಿ ಆಗಿತ್ತು. ಪೂರ್ತಿ ಹೊಲಕ್ಕೆ ಕಟ್ಟೋಕೆ ಆಗ್ದಿದ್ರೆ ಪೊದೆ ಕಡೆ ಅಂಚಿಗೆ ಕಟ್ಟಿ, ಸಸಿ ಬಲಿಯೋ ತನಕ ಇದ್ರೂ ಅರ್ಧ ತಲೆನೋವು ಕಮ್ಮಿ. ಪೊದೆನೆಲ್ಲಾ ಸವರಿ ಬೆಂಕಿ ಹಾಕಬೇಡಿ, ಹುಳ ತಿನ್ನೋ ಹಕ್ಕಿಗಳು ಗೂಡು ಕಟ್ಟೋದು ಅಲ್ಲೇ.

ನಿಮ್ಮ ಕೃಷಿ ಪುಟದಲ್ಲಿ ಈ ಬೇಲಿ ಕಟ್ಟೋ ರೀತಿನ ಚಿತ್ರ ಸಮೇತ ಹಾಕಿ ಅಂತ ಕೇಳ್ಕೋತೀನಿ. ಆ ಪತ್ರ ಬರೆದ ಓದುಗರಿಗೂ ಒಂದು ಮಾತು, ಹಾಕಿರೋ ಉರುಳು ಎಲ್ಲೆಲ್ಲಿದೆ ಅನ್ನೋದು ನಿಮಗೆ ಮಾತ್ರ ಗೊತ್ತಿರೋದು, ದಯವಿಟ್ಟು ಇವತ್ತೇ ಹೋಗಿ ಬಿಚ್ಚಿ.

ಇಂತಿ,
ಒಬ್ಬ ರೈತ