ಸೀಸನ್ ಮುಗೀತು, ಥ್ಯಾಂಕ್ಸ್ ಹೇಳೋದು ಬಾಕಿ ಇದೆ

ಪುಣೆಯಲ್ಲಿ ಇಂಜಿನಿಯರಿಂಗ್ ಓದ್ತಾ ಹೈಸ್ಕೂಲ್ ಮಕ್ಕಳ ಫಸ್ಟ್ ಟೆಕ್ ಚಾಲೆಂಜ್ ಅನ್ನೋ ರೋಬೋಟ್ ಕಾಂಪಿಟಿಷನ್ ಟೀಮ್ ಜೊತೆ ಇದ್ದಿದ್ದು ನಿಮಗೆಲ್ಲ ಗೊತ್ತು, ಮ್ಯಾಚ್ ವಿಡಿಯೋನೂ ನೋಡಿದೀರಿ, ಅದನ್ನ ಮತ್ತೆ ಹೇಳಲ್ಲ. ತಪ್ಕೀರ್ ಗಲ್ಲಿಯಲ್ಲಿ ಉದ್ರಿ ಕೊಟ್ಟ ಎಲೆಕ್ಟ್ರಾನಿಕ್ಸ್ ಅಂಗಡಿಯವರು, ಭೋಸರಿಯಲ್ಲಿ ಶಾಫ್ಟ್ ಮಾಡಿಕೊಟ್ಟ ಲೇತ್ ಅಂಕಲ್, ಪೋಹೆ ಡಬ್ಬಿ ಕಳಿಸಿದ ಅಮ್ಮಂದಿರು, ನನಗೋಸ್ಕರ ನೋಟ್ಸ್ ಎತ್ತಿಟ್ಟ ರೂಮ್‌ಮೇಟ್, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಆದ್ರೆ ಇದನ್ನ ಬರೀತಿರೋದು ಸ್ಕೂಲಿನ ವಾಚ್‌ಮನ್ ಕಾಕಾಗೋಸ್ಕರ. ಅಕ್ಕಲಕೋಟ ಕಡೆಯವರು, ನಾನು ವಿಜಯಪುರದವಳು ಅಂತ ಗೊತ್ತಾದ ದಿನದಿಂದ ನನ್ನ ಜೊತೆ ಮರಾಠಿ ಬಿಟ್ಟೇ ಬಿಟ್ರು.

ಕಾಂಪಿಟಿಷನ್ ಹಿಂದಿನ ರಾತ್ರಿ ರೋಬೋಟ್ ಓಡ್ತಾ ಓಡ್ತಾ ಕನೆಕ್ಷನ್ ಕಟ್ ಆಗಿ ನಿಂತ್ಬಿಡ್ತಿತ್ತು. ಕೋಡ್, ವೈಫೈ, ಬ್ಯಾಟರಿ, ಎಲ್ಲ ನೋಡಿದ್ವಿ. ರೋಬೋಟ್ ಓಡಿಸೋ ಹುಡುಗಿ ಮನೆಗೆ ಹೋಗ್ವಾಗ "ದೀದಿ, ನಾಳೆ ಹೋಗ್ಲೇಬೇಕಾ?" ಅಂದ್ಲು. ಅವಳ ಮುಂದೆ ನಕ್ಕೆ, ಅವಳು ಹೋದ್ಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ. ಇಡೀ ವರ್ಷ ಆ ಮಕ್ಕಳಿಗೆ ಆಗುತ್ತೆ ಆಗುತ್ತೆ ಅಂತ ಹೇಳಿದ್ದು ನಾನೇ ಅಲ್ವಾ.

ಕಾಕಾ ಡ್ಯೂಟಿ ಅಷ್ಟೊತ್ತಿಗೆ ಮುಗಿದಿತ್ತು. ಸ್ಟಾಫ್ ಯಾರೂ ಇಲ್ದೆ ಲ್ಯಾಬ್ ತೆರೆದಿಡೋ ಹಾಗಿಲ್ಲ ಅಂತ ಅವರು ಮನೆಗೇ ಹೋಗ್ಲಿಲ್ಲ. "ಅಳಬ್ಯಾಡವ್ವ, ಮೊದಲ ಚಾ ಕುಡಿ" ಅಂದ್ರು. ಆಮೇಲೆ ರೋಬೋಟ್ ಎತ್ತಿ ಟೇಬಲ್ ಮೇಲಿಡೋಕೆ ಕೈ ಹಾಕಿದವರು ಥಟ್ಟನೆ ಹಿಂದೆ ತಗೊಂಡು "ಕೈಗಿ ಚಟ್ ಅಂತದಲ್ಲ ಇದು!" ಅಂದ್ರು.

ಸಿಕ್ತು! ಜನವರಿಯ ಒಣ ಹವೆ, ರೋಬೋಟ್ ಓಡೋ ಫೀಲ್ಡಿನ ಫೋಮ್ ಟೈಲ್ಸ್ ಮೇಲೆ ವೀಲ್ ಉಜ್ಜಿ ಫ್ರೇಮಲ್ಲಿ ಸ್ಟ್ಯಾಟಿಕ್ ಕರೆಂಟ್ ತುಂಬ್ಕೊಂಡು, ಫೀಲ್ಡಿನ ಮೆಟಲ್‌ಗೆ ತಾಗಿದ ಕೂಡ್ಲೇ ಡಿಸ್ಚಾರ್ಜ್ ಆಗಿ ಕಂಟ್ರೋಲ್ ಹಬ್, ಅಂದ್ರೆ ರೋಬೋಟ್ ನಡೆಸೋ ಪುಟ್ಟ ಕಂಪ್ಯೂಟರ್, ಕಟ್ ಆಗ್ತಿತ್ತು. ಫೀಲ್ಡಿಗೆ ತಾಗೋ ಮೆಟಲ್‌ಗೆಲ್ಲ ಟೇಪ್ ಸುತ್ತಿದ್ವಿ, ಯುಎಸ್‌ಬಿ ಕೇಬಲ್‌ಗೆ ಆ ಝಟಕಾ ತಗ್ಗಿಸೋ ಫೆರೈಟ್ ಉಂಗುರ ಹಾಕಿದ್ವಿ. ಕಾಕಾ ಒಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು ಹಲ್ಲಲ್ಲಿ ಟೇಪ್ ಕಚ್ಚಿ ಹರಿದು ಹರಿದು ಕೊಡ್ತಾ ಹೋದ್ರು, ಬೆಳಗಾಗೋ ತನಕ.

ಮ್ಯಾಚ್ 2 ನಿಮಿಷ 30 ಸೆಕೆಂಡ್. ಮೊದಲ 30 ಸೆಕೆಂಡ್ ರೋಬೋಟ್ ತಾನಾಗೇ ಓಡ್ಬೇಕು, ಓಡ್ತು, ಕೊನೆ ಬಜರ್ ತನಕ ಎಲ್ಲೂ ನಿಲ್ಲಲಿಲ್ಲ. ಕಪ್ ಬರ್ಲಿಲ್ಲ, ಆದ್ರೆ ಆ ಹುಡುಗಿ ಮುಂದಿನ ಸೀಸನ್ ಲಿಸ್ಟಲ್ಲಿ ಮೊದಲು ಹೆಸರು ಬರೆಸಿದಾಳೆ.

ಕಾಕಾ ವಾಟ್ಸಾಪ್ ನೋಡಲ್ಲ, ಭಾನುವಾರ ನಾನೇ ಹೋಗಿ ಇದನ್ನ ಓದಿ ಹೇಳ್ತೀನಿ. ಟೀಮ್ ಟೀಶರ್ಟೂ ತರ್ತೀನಿ ಕಾಕಾ, ಮಕ್ಕಳೇ ನಿಮ್ಮ ಸೈಜ್ ಕೇಳಿ ಮಾಡಿಸಿದಾರೆ, ಹಾಕ್ಕೊಳ್ಳಿ.